ಬೆಂಗಳೂರಿನ ಕಾಫಿ ಕಟ್ಟೆಗಳು

ಯಾವ ಊರಿಗೇ ಆಗಲಿ, ಜನರು ಬಂದು ಕುಳಿತು ನಾಲ್ಕು ಮಾತನಾಡುವುದಕ್ಕೆ ಒಂದು ತಾವು ಇರಬೇಕು. ನಮ್ಮ ಹಳ್ಳಿಗಳಲ್ಲಿ ಅಂಥ ತಾವು ಅರಳಿಕಟ್ಟೆ. ಮಳೆಯ ಸುದ್ದಿ, ಬೆಳೆಯ ಸುದ್ದಿ, ಹೆಣ್ಣು ಗಂಡಿನ ಸುದ್ದಿ ಎಲ್ಲವೂ ಅಲ್ಲಿಗೆ ಬರುವುವು. ವ್ಯಾಜ್ಯಗಳು ಹುಟ್ಟುವುದೂ ಅಲ್ಲಿಯೇ, ತೀರುವುದೂ ಅಲ್ಲಿಯೇ. ಕಟ್ಟೆಗೆ ಬಾಡಿಗೆಯಿಲ್ಲ, ಯಜಮಾನನಿಲ್ಲ, ಕುಳಿತವನನ್ನು ಏಳೆನ್ನುವವರಿಲ್ಲ. ಪಟ್ಟಣವು ಬೆಳೆದಂತೆ ಮರಗಳು ಉಳಿದರೂ ಕಟ್ಟೆಯ ಈ ಗುಣವು ಉಳಿಯುವುದು ಕಷ್ಟ. ಬೆಂಗಳೂರಿನಲ್ಲಿ ಈಗಲೂ ನಾಗರಕಲ್ಲುಗಳಿರುವ ಅಶ್ವತ್ಥಕಟ್ಟೆಗಳು ಎಷ್ಟೋ ಇವೆ. ಆದರೆ ಅಲ್ಲಿ ಪ್ರದಕ್ಷಿಣೆ ಬರುವವರು ಹೆಚ್ಚು, ಕುಳಿತು ಮಾತನಾಡುವವರು ಕಡಿಮೆ. ಆ ಮಾತೆಲ್ಲ ಎಲ್ಲಿಗೆ ಹೋಯಿತೆಂದು ಹುಡುಕಿ ಹೊರಟವನು ಕಡೆಗೆ ಒಂದು ಕಾಫಿಯ ಅಂಗಡಿಯ ಮುಂದೆ ಬಂದು ನಿಲ್ಲುವನು. ಈ ಊರಿನ ಅರಳಿಕಟ್ಟೆಯು ಕಾಫಿಯ ಲೋಟದ ಸುತ್ತ ಕಟ್ಟಲ್ಪಟ್ಟಿರುವುದು.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು ಬಸವನಗುಡಿಗೆ ಬೆಳಗಿನ ಜಾವ ಬರಬೇಕು. ಬಸವನಗುಡಿಯೂ ಮಲ್ಲೇಶ್ವರವೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿ, 1898ರ ಪ್ಲೇಗಿನ ಹಾವಳಿಯ ತರುವಾಯ ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಕುಟುಂಬಗಳಿಂದ ತುಂಬಿಕೊಂಡ ಬಡಾವಣೆಗಳು. ಅಗಲವಾದ ಬೀದಿಗಳು, ಸಾಲುಮರಗಳು, ಮನೆಗೊಂದು ಜಗಲಿ. ಗಾಂಧಿಬಜಾರಿನಲ್ಲಿ ಬೆಳಕು ಹರಿಯುವ ಮುನ್ನವೇ ಸೇವಂತಿಗೆ, ಕನಕಾಂಬರ, ಮಲ್ಲಿಗೆಯ ರಾಶಿಗಳು ಬಿಚ್ಚಿಕೊಳ್ಳುತ್ತವೆ. ಲಾಲ್‌ಬಾಗಿನಿಂದಲೂ ಕೃಷ್ಣರಾವ್ ಉದ್ಯಾನದಿಂದಲೂ ವಾಯುಸೇವನೆ ಮುಗಿಸಿದ ಹಿರಿಯರು ಕೈಯಲ್ಲಿ ಕೋಲನ್ನೂ ಕಂಕುಳಲ್ಲಿ ಪತ್ರಿಕೆಯನ್ನೂ ಇಟ್ಟುಕೊಂಡು ಬರುತ್ತಾರೆ. ಬಜಾರಿನ ಆಸುಪಾಸಿನಲ್ಲಿ ಬೀಜ ಹುರಿಯುವ ಅಂಗಡಿಯೊಂದು ಬಾಗಿಲು ತೆರೆಯಿತೆಂದರೆ, ಹೂವಿನ ಪರಿಮಳಕ್ಕೆ ಕಾಫಿಯ ಘಮಲು ಸೇರಿ, ಬೀದಿಗೆ ಬೀದಿಯೇ ಒಂದು ಮನೆಯ ನಡುಮನೆಯಂತಾಗಿಬಿಡುವುದು.

ಕಾಫಿಯು ನಮ್ಮ ನಾಡಿಗೆ ಬಂದುದು ಹೇಗೆಂಬ ಕಥೆ ಎಲ್ಲರಿಗೂ ಗೊತ್ತಿರುವುದೇ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಮಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದ ಮೇಲೆ ಬಿತ್ತಿದರೆಂದು ಐತಿಹ್ಯ. ಆ ಗಿರಿಗೆ ಅವರ ಹೆಸರೇ ನಿಂತಿತು. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಅದರಲ್ಲಿಯೂ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ಆದರೆ ವಿಚಿತ್ರವೇನೆಂದರೆ, ಬೀಜವು ನಮ್ಮ ಬೆಟ್ಟಗಳಲ್ಲಿ ಬೆಳೆಯುತ್ತಿದ್ದರೂ ಬಯಲಿನ ಜನರು ಬಹುಕಾಲ ಅದನ್ನು ಕುಡಿಯುತ್ತಿರಲಿಲ್ಲ. ಬೆಳಗಿನ ಹೊತ್ತಿಗೆ ಗಂಜಿಯೋ ಅಂಬಲಿಯೋ ಮಜ್ಜಿಗೆಯೋ ಸಾಕಾಗಿದ್ದಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕಾಫಿಯು ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಾಗ, ಇದು ಮೈಗೂ ಮನೆಗೂ ಮಡಿಗೂ ಕೇಡೆಂದು ಗೊಣಗಿದ ಹಿರಿಯರು ಕಡಿಮೆಯಿರಲಿಲ್ಲ. ಗೊಣಗಿದವರೇ ಮೂರು ವರ್ಷ ಕಳೆಯುವುದರೊಳಗೆ ಡಿಕಾಕ್ಷನ್ ತೆಳುವಾಯಿತೆಂದು ಸೊಸೆಯ ಮೇಲೆ ರೇಗುತ್ತಿದ್ದರೆಂಬುದು ಹಳೆಯ ಮನೆಗಳಲ್ಲಿ ಈಗಲೂ ನಗುತ್ತ ಹೇಳುವ ಮಾತು.

ಮನೆಯೊಳಗೆ ಬಂದ ಕಾಫಿ ಬೀದಿಗೂ ಬಂದಿತು. ಪಟ್ಟಣಕ್ಕೆ ಓದಲು ಬಂದ ಹುಡುಗರು, ಕಚೇರಿಯ ಗುಮಾಸ್ತರು, ಸಂಸಾರವನ್ನು ಊರಿನಲ್ಲಿ ಬಿಟ್ಟುಬಂದ ಒಂಟಿ ಗಂಡಸರು, ಇವರಿಗೆಲ್ಲ ಎರಡು ಇಡ್ಲಿಯೂ ಒಂದು ಲೋಟ ಕಾಫಿಯೂ ಬೇಕಾಗಿದ್ದುವು. ಅದನ್ನು ಒದಗಿಸಿದವರಲ್ಲಿ ಹೆಚ್ಚಿನವರು ದಕ್ಷಿಣಕನ್ನಡದ ಕರಾವಳಿಯಿಂದ ಬಂದವರು. ದೇವಸ್ಥಾನದ ಪಾಕಶಾಲೆಯ ಶಿಸ್ತನ್ನು ಕಲಿತ ಕೈಗಳು ಅವು. ಉಡುಪಿಯ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಇಂಥದೊಂದು ಕಾಫಿ ಕ್ಲಬ್ಬನ್ನು ತೆರೆದರು. ಅದೇ ಮುಂದೆ 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳ ಚೊಕ್ಕಟವನ್ನು ಕಂಡುಬಂದು, ಪಾತ್ರೆಗಳನ್ನು ಕುದಿಯುವ ಹಬೆಯಲ್ಲಿ ತೊಳೆಯುವ ಪದ್ಧತಿಯನ್ನು ತಮ್ಮಲ್ಲಿ ನಡೆಸಿದರು. ಗಿರಾಕಿಗಳು ಅಡಿಗೆಮನೆಯನ್ನು ಹಾದು ಒಳಕ್ಕೆ ಬರಲಿ, ತಾವು ತಿನ್ನುವುದು ಎಲ್ಲಿ ಬೇಯುತ್ತದೆಂಬುದನ್ನು ನೋಡಲಿ ಎಂಬುದು ಅವರ ಸಂಸ್ಥೆಯ ರೂಢಿಯಾಯಿತು. ನೆರೆಹೊರೆಯ ವಿಶ್ವಾಸವನ್ನು ಗಳಿಸುವುದಕ್ಕೆ ಇದಕ್ಕಿಂತ ನೇರವಾದ ದಾರಿ ಬೇರೆ ಯಾವುದು?

ಈ ಹಳೆಯ ಕಾಫಿ ಕ್ಲಬ್ಬುಗಳನ್ನು ಕೊಂಡಾಡುವವರು ಸಾಮಾನ್ಯವಾಗಿ ಒಂದು ಮಾತನ್ನು ಬಿಟ್ಟುಬಿಡುವರು. ಅದನ್ನು ಬಿಡುವುದು ನ್ಯಾಯವಲ್ಲ. ಆ ಕ್ಲಬ್ಬುಗಳ ಹೆಸರಿನ ಮುಂದೆ ‘ಬ್ರಾಹ್ಮಣರ’ ಎಂಬ ಮಾತು ಸುಮ್ಮನೆ ಅಲಂಕಾರಕ್ಕೆ ಇರಲಿಲ್ಲ. ದಕ್ಷಿಣದೇಶದ ಅನೇಕ ಹೋಟೆಲುಗಳಲ್ಲಿ ಒಳಗಿನ ಕೋಣೆ ಒಂದು ಜಾತಿಗೆ, ಹೊರಗಿನ ಕೋಣೆ ಮಿಕ್ಕವರಿಗೆ. ಇನ್ನು ಕೆಲವರಿಗೆ ಯಾವ ಕೋಣೆಯೂ ಇಲ್ಲ, ಅಂಗಳದಲ್ಲಿ ನಿಂತು ಬೇರೆ ಇಟ್ಟ ಪಾತ್ರೆಯಲ್ಲಿ ಕುಡಿಯಬೇಕು. ಅರಳಿಕಟ್ಟೆಯ ಮೇಲೂ ಎಲ್ಲರಿಗೂ ಜಾಗವಿರಲಿಲ್ಲವೆಂಬುದು ನಿಜವಷ್ಟೆ; ಹಳ್ಳಿಯ ಆ ದೋಷವು ಕಾಫಿಯ ಜೊತೆಗೇ ಪಟ್ಟಣಕ್ಕೂ ಬಂದಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ ಕೆರೆ, ಬಾವಿ, ರಸ್ತೆಗಳೊಡನೆ ಅಂಗಡಿಗಳನ್ನೂ ಹೋಟೆಲುಗಳನ್ನೂ ಬಿಡಿಸಿ ಹೆಸರಿಸಿ, ಜಾತಿಯ ಕಾರಣದಿಂದ ಯಾರಿಗೂ ಅಲ್ಲಿ ಪ್ರವೇಶವನ್ನು ತಡೆಯಲಾಗದೆಂದು ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅದಕ್ಕೆ ಶಿಕ್ಷೆಯ ಬಲವನ್ನು ಕೊಟ್ಟಿತು. ಒಂದು ದೇಶದ ಮೂಲಶಾಸನವು ಹೋಟೆಲಿನ ಬಾಗಿಲನ್ನು ಕುರಿತು ಮಾತನಾಡಬೇಕಾಯಿತೆಂದರೆ, ಆ ಬಾಗಿಲು ಎಷ್ಟು ದೊಡ್ಡ ವಿಷಯವಾಗಿದ್ದಿತೆಂಬುದನ್ನು ಊಹಿಸಬಹುದು. ಶಂಕರಪುರದಲ್ಲಿ 1965ರಲ್ಲಿ ಆರಂಭವಾದ ಒಂದು ಪ್ರಸಿದ್ಧ ಕಾಫಿ ಬಾರಿನ ಹೆಸರಿನಲ್ಲಿ ಇಂದಿಗೂ ಆ ಹಳೆಯ ಮಾತು ಉಳಿದಿದೆ. ಆದರೆ ಅಲ್ಲಿ ಬೀದಿಯ ಅಂಚಿನಲ್ಲಿ ತಟ್ಟೆ ಹಿಡಿದು ನಿಂತವರ ಜಾತಿಯನ್ನು ಕೇಳುವವರಿಲ್ಲ. ಇಡ್ಲಿಯ ಮೇಲೆ ಮತ್ತೆ ಮತ್ತೆ ಚಟ್ನಿ ಸುರಿಯುವವನು ಎಲ್ಲರ ತಟ್ಟೆಗೂ ಒಂದೇ ಸೌಟಿನಿಂದ ಸುರಿಯುವನು. ಹೆಸರು ನಿಂತಿದೆ, ಅರ್ಥವು ಸವೆದುಹೋಗಿದೆ. ಕೆಲವು ಹಳ್ಳಿಗಳಿಂದ ಎರಡು ಬಗೆಯ ಲೋಟಗಳ ವರ್ತಮಾನವು ಈಗಲೂ ಆಗಾಗ ಬರುವುದುಂಟು; ಆದುದರಿಂದ ಕೆಲಸವು ಮುಗಿದಿದೆಯೆಂದು ಹೇಳುವಂತಿಲ್ಲ.

ಗಾಂಧಿಬಜಾರಿನ ವಿದ್ಯಾರ್ಥಿ ಭವನವು 1943ರಲ್ಲಿ ಸುತ್ತಲಿನ ಶಾಲೆಗಳ ಹುಡುಗರಿಗಾಗಿ ಪ್ರಾರಂಭವಾಯಿತು. ಹೆಸರೇ ಅದನ್ನು ಹೇಳುತ್ತದೆ. ವಿದ್ಯಾರ್ಥಿಗಳಾಗಿ ಬಂದವರು ಮೇಷ್ಟ್ರುಗಳಾದರು, ನ್ಯಾಯಾಧೀಶರಾದರು, ಅಜ್ಜಂದಿರಾದರು. ದೋಸೆಗೆ ಮಾತ್ರ ಅಲ್ಲಿಗೇ ಬರುತ್ತಾರೆ. ಒಳಗೆ ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು ಸಾಲಾಗಿವೆ. ಬಡಿಸುವವನು ಒಂದರ ಮೇಲೊಂದರಂತೆ ಹತ್ತಾರು ದೋಸೆಯ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಜೋಡಿಸಿಕೊಂಡು ಬರುವುದನ್ನು ನೋಡುವುದಕ್ಕೇ ಹೊರಊರಿನವರು ಬರುವರು. ಆದರೆ ಈ ಸ್ಥಳದ ನಿಜವಾದ ವಿಶೇಷವು ಅದಲ್ಲ. ರಜೆಯ ದಿನ ಅಲ್ಲಿ ಪೂರ್ತಿ ಮೇಜು ಯಾರಿಗೂ ಸಿಗುವುದಿಲ್ಲ. ಹೆಸರು ಬರೆಸಿ ಹೊರಗೆ ಕಾದುನಿಂತು, ಕೂಗಿದಾಗ ಒಳಹೋದರೆ, ಎದುರಿಗೆ ಅಪರಿಚಿತರೊಬ್ಬರು ಕುಳಿತಿರುತ್ತಾರೆ. ಮೊಣಕೈ ತಗಲುವಷ್ಟು ಹತ್ತಿರ. ಮೊದಲು ಮೌನ, ಆಮೇಲೆ ಚಟ್ನಿ ತೆಳ್ಳಗಿದೆಯೆಂಬ ವಿಚಾರದಲ್ಲಿ ಏಕಾಭಿಪ್ರಾಯ, ಕಾಫಿ ಬರುವ ಹೊತ್ತಿಗೆ, ತಾವು ಯಾವ ಊರಿನವರು, ಅಲ್ಲಿ ನಮ್ಮ ಷಡ್ಡಕರಿದ್ದಾರಲ್ಲ, ಎನ್ನುವಲ್ಲಿಗೆ ಬಂದು ನಿಲ್ಲುವುದು. ಇಕ್ಕಟ್ಟೂ ಒಮ್ಮೊಮ್ಮೆ ಉಪಕಾರವನ್ನು ಮಾಡುವುದು ಹೀಗೆ.

ಇಲ್ಲಿಯೇ ‘ಬೈ-ಟೂ’ ಎಂಬ ನಮ್ಮೂರಿನ ಅಪೂರ್ವ ಪದ್ಧತಿಯನ್ನು ಹೇಳಬೇಕು. ಒಂದು ಕಾಫಿಯನ್ನು ತರಿಸಿ ಇಬ್ಬರು ಎರಡು ಲೋಟಗಳಲ್ಲಿ ಹಂಚಿಕೊಳ್ಳುವುದು. ಬೇರೆ ಊರಿನವರು ಇದನ್ನು ಬೆಂಗಳೂರಿನವರ ಜಿಪುಣತನವೆಂದು ಹಾಸ್ಯಮಾಡುವರು. ವಾಸ್ತವವಾಗಿ ಇದು ಜಿಪುಣತನವಲ್ಲ, ಮಿತವ್ಯಯದ ಸ್ನೇಹ. ದಿನಕ್ಕೆ ನಾಲ್ಕು ಬಾರಿ ಗೆಳೆಯನೊಡನೆ ಕುಳಿತುಕೊಳ್ಳಬೇಕೆನ್ನುವವನು ನಾಲ್ಕು ಪೂರ್ತಿ ಕಾಫಿಗಳನ್ನು ಕುಡಿದರೆ ಜೇಬೂ ತಡೆಯದು, ಪಿತ್ತವೂ ತಡೆಯದು. ಅರ್ಧ ಲೋಟವು ಭೇಟಿಗೊಂದು ನೆಪ. ಇದನ್ನು ಮುಖ ಸಿಂಡರಿಸದೆ ಎರಡು ಲೋಟಗಳಲ್ಲಿ ತಂದಿಡುವ ಹೋಟೆಲಿನವನು, ತಾನು ಮಾರುತ್ತಿರುವುದು ಕಾಫಿಯನ್ನು ಮಾತ್ರವಲ್ಲವೆಂಬುದನ್ನು ಅರಿತವನು.

ಕುಡಿಯುವ ಅಂಗಡಿಯಷ್ಟೇ ಮುಖ್ಯವಾದುದು ಪುಡಿಯ ಅಂಗಡಿ. ಮನೆಯ ಹೆಂಗಸರಿಗೆ ಬಹುಕಾಲ ಹೋಟೆಲಿನ ಬಾಗಿಲು ಅರ್ಧ ಮಾತ್ರ ತೆರೆದಿದ್ದಿತು. ಬಂದರೂ ‘ಫ್ಯಾಮಿಲಿ ರೂಮು’ ಎಂಬ ಪರದೆಯ ಹಿಂದಿನ ಗೂಡಿನಲ್ಲಿ ಕುಳಿತು ಹೋಗಬೇಕಾಗಿದ್ದಿತು. ಆದರೆ ಪುಡಿಯ ಅಂಗಡಿಯ ಮುಂಗಟ್ಟೆಯಲ್ಲಿ ಅವರದೇ ರಾಜ್ಯ. ಒಂದು ಹಣ್ಣಿನಲ್ಲಿ ಸಾಧಾರಣವಾಗಿ ಎರಡು ಬೀಜಗಳು ಬೆನ್ನಿಗೆ ಬೆನ್ನು ಕೊಡದೆ ಹೊಟ್ಟೆಗೆ ಹೊಟ್ಟೆ ತಗಲಿಸಿಕೊಂಡಿರುತ್ತವೆ. ಆದುದರಿಂದ ಒಂದು ಮಗ್ಗುಲು ಚಪ್ಪಟೆ. ಎಲ್ಲಿಯೋ ಒಂದರಲ್ಲಿ ಒಂಟಿ ಬೀಜವು ಬೆಳೆದು ಗುಂಡಾಗುತ್ತದೆ, ಅದೇ ಪೀಬೆರಿ. ತೊಳೆದು ಒಣಗಿಸಿದ ಅರೇಬಿಕದಲ್ಲಿ ದಪ್ಪವಾದುದು ಪ್ಲಾಂಟೇಷನ್ ಎ. ಹಣ್ಣನ್ನು ತೊಳೆಯದೆ ಇಡಿಯಾಗಿ ಒಣಗಿಸಿದ್ದು ಚೆರಿ. ಎತ್ತರದ ತಂಪಿನಲ್ಲಿ ಬೆಳೆದ ಅರೇಬಿಕವು ಪರಿಮಳಕ್ಕೆ, ತಗ್ಗಿನಲ್ಲಿ ಬೆಳೆಯುವ ರೋಬಸ್ಟವು ಕಡುಪಿಗೆ ಮತ್ತು ನೊರೆಗೆ. ಹಸಿರು ಬೀಜವು ಬಾಣಲೆಯ ಬಿಸಿಗೆ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಅರಳು ಸಿಡಿದಂತೆ ಚಿಟಪಟನೆ ಸಿಡಿಯುವುದು. ಹುರಿದಾಗ ಅದರ ತೂಕದಲ್ಲಿ ಆರರಲ್ಲೊಂದು ಪಾಲು ಹೆಚ್ಚುಕಡಿಮೆ ಆವಿಯಾಗಿ ಹೋಗುವುದು. ಕಾಫಿಯ ದರ ಕೇಳಿ ಅಂಗಡಿಯವನನ್ನು ಶಪಿಸುವ ಮೊದಲು ಈ ಲೆಕ್ಕವನ್ನೂ ನೆನೆಯಬೇಕು.

ಇನ್ನು ಚಿಕೋರಿ. ಅದು ಕಾಫಿಯಲ್ಲ, ಗುಜರಾತಿನ ಕಡೆ ಬೆಳೆಯುವ ಒಂದು ಗಿಡದ ಬೇರನ್ನು ಹುರಿದು ಪುಡಿಮಾಡಿದುದು. ಅದು ಫಿಲ್ಟರಿನಲ್ಲಿ ಉಬ್ಬಿ ನೀರನ್ನು ತಡೆದು ತಡೆದು ಇಳಿಸುವುದರಿಂದ ಡಿಕಾಕ್ಷನ್ ಗಟ್ಟಿಯಾಗುವುದು, ಬಣ್ಣ ಬರುವುದು, ಖರ್ಚೂ ಇಳಿಯುವುದು. ಮಿಶ್ರಣದ ಪುಡಿಯಲ್ಲಿ ನೂರಕ್ಕೆ 51 ಪಾಲಾದರೂ ಕಾಫಿಯಿರಬೇಕೆಂದೂ, ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕೆಂದೂ ಕಾನೂನಿದೆ. ಆದರೆ ಬಸವನಗುಡಿಯ ಅಥವಾ ಮಲ್ಲೇಶ್ವರದ ಹಳೆಯ ಅಂಗಡಿಯಾತನಿಗೆ ಪೊಟ್ಟಣದ ಬರಹ ಬೇಕಿಲ್ಲ. ಈ ಮನೆಗೆ ಅರ್ಧಕ್ಕರ್ಧ ಪೀಬೆರಿ, ಚಿಕೋರಿ ನೂರಕ್ಕೆ ಹದಿನೈದು. ಆ ಮನೆಗೆ ಚಿಕೋರಿಯ ನೆರಳೂ ಬೀಳಕೂಡದು. ಮೂರನೆಯ ಮನೆಯ ಅಜ್ಜಿಗೆ ಪುಡಿ ಸ್ವಲ್ಪ ತರಿತರಿಯಾಗಿರಬೇಕು. ಇದೆಲ್ಲ ಆತನ ನೆನಪಿನಲ್ಲಿ ಇರುವುದು. ಒಂದು ಮನೆಯವರು ಎಂದಿಗಿಂತ ದುಪ್ಪಟ್ಟು ಪುಡಿ ಕೊಂಡರೆ ಆ ಮನೆಯಲ್ಲಿ ಮದುವೆಯ ನೆಂಟರು ಇಳಿದಿದ್ದಾರೆಂದು ಆತನಿಗೆ ಗೊತ್ತು. ಅರ್ಧಕ್ಕೆ ಇಳಿಸಿದರೆ ಮಗ ಪರದೇಶಕ್ಕೆ ಹೋದನೆಂದು ಗೊತ್ತು. ವಾರವಾದರೂ ಬಾರದಿದ್ದರೆ ಹುಡುಗನನ್ನು ಕಳಿಸಿ ವಿಚಾರಿಸುವನು. ಪುಡಿಯ ಘಮಲು ಹದಿನೈದು ದಿನಗಳ ಮೇಲೆ ನಿಲ್ಲದೆಂಬ ಕಾರಣದಿಂದ ಗೃಹಿಣಿಯು ಸ್ವಲ್ಪ ಸ್ವಲ್ಪವಾಗಿಯೇ ಕೊಳ್ಳಬೇಕು, ಮತ್ತೆ ಮತ್ತೆ ಬರಬೇಕು. ಈ ಮತ್ತೆ ಮತ್ತೆ ಬರುವಿಕೆಯೇ ನೆರೆಹೊರೆಯನ್ನು ಕಟ್ಟುವ ದಾರ.

ಈ ಊರಿನ ಕಾಫಿಯ ಚರಿತ್ರೆಯಲ್ಲಿ ಇನ್ನೊಂದು ಅಧ್ಯಾಯವು ದಂಡಿನ ಕಡೆಯದು. 1930ರ ದಶಕದಲ್ಲಿ ಹೊರದೇಶದ ಮಾರುಕಟ್ಟೆ ಕುಸಿದು ತೋಟಗಾರರು ಕಂಗಾಲಾದಾಗ, ದೇಶದೊಳಗೇ ಕಾಫಿಯನ್ನು ಬಳಕೆಗೆ ತರಬೇಕೆಂದು ಯೋಚಿಸಿ, ಕಾಫಿ ಸೆಸ್ ಸಮಿತಿಯವರು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲನೆಯ ಕಾಫಿ ಹೌಸನ್ನು ತೆರೆದರು. 1940ರ ದಶಕದಲ್ಲಿ ಅಂಥವು ದೇಶದಲ್ಲಿ ಐವತ್ತರ ಹತ್ತಿರಕ್ಕೆ ಬಂದುವು. 1942ರ ಕಾಯಿದೆಯಿಂದ ಭದ್ರವಾದ ಕಾಫಿ ಮಂಡಳಿಯು, ಬೆಂಗಳೂರಿನಲ್ಲಿ ಕಚೇರಿಯನ್ನಿಟ್ಟುಕೊಂಡು ಇವುಗಳನ್ನು ನಡೆಸಿತು. ಆದರೆ 1950ರ ದಶಕದ ಮಧ್ಯದಲ್ಲಿ ಮಂಡಳಿಯು ನೀತಿಯನ್ನು ಬದಲಾಯಿಸಿ ಅವನ್ನು ಮುಚ್ಚಲು ನಿಶ್ಚಯಿಸಿತು. ಬಡಿಸುವವರು, ಅಡಿಗೆಯವರು, ಪಾತ್ರೆ ತೊಳೆಯುವವರು ಒಮ್ಮೆಗೇ ಬೀದಿಗೆ ಬೀಳುವ ಕಾಲ ಬಂದಿತು. ಆಗ ಅವರಿಗೆ ದಾರಿ ತೋರಿಸಿದವರು ಎ. ಕೆ. ಗೋಪಾಲನ್ ಅವರು, 1957ರಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿಬಂದ ಕಮ್ಯುನಿಸ್ಟ್ ಮುಖಂಡರು. ಬೇಡಿಕೊಂಡು ಫಲವಿಲ್ಲ, ಹೌಸುಗಳನ್ನು ನೀವೇ ವಹಿಸಿಕೊಂಡು ನಡೆಸಿ ಎಂಬುದು ಅವರ ಆಲೋಚನೆಯ ತಿರುಳು. ಹೀಗೆ 1957ರ ಆಗಸ್ಟ್ 19ರಂದು ಭಾರತದ ಮೊದಲನೆಯ ಕಾಫಿ ಕೆಲಸಗಾರರ ಸಹಕಾರ ಸಂಘವು ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಅದೇ ವರ್ಷದ ಅಕ್ಟೋಬರ್ 27ರಂದು ದೆಹಲಿಯಲ್ಲಿ ಕೆಲಸಗಾರರದೇ ಆದ ಇಂಡಿಯನ್ ಕಾಫಿ ಹೌಸು ಬಾಗಿಲು ತೆರೆಯಿತು. ಆಮೇಲೆ ಕೇರಳದಲ್ಲಿ, ಕೋಲ್ಕತ್ತದಲ್ಲಿ, ಮಧ್ಯಪ್ರದೇಶದಲ್ಲಿ ಒಂದಾದ ಮೇಲೊಂದು ಹುಟ್ಟಿದುವು.

ಈ ಕಾಫಿ ಹೌಸುಗಳ ರೀತಿಯೇ ಬೇರೆ. ಬಿಳಿಯ ಸಮವಸ್ತ್ರ, ತಲೆಯ ಮೇಲೆ ಬೀಸಣಿಗೆಯಂತೆ ಅರಳಿದ ರುಮಾಲು, ಸೊಂಟಕ್ಕೆ ಪಟ್ಟಿ, ಹೀಗೆ ರಾಜರ ದರ್ಬಾರಿನ ವೇಷದಲ್ಲಿ ಬಂದು ಕಾಫಿ ಇಡುವಾತನು ಅಂಗಡಿಯ ಆಳಲ್ಲ, ಪಾಲುಗಾರ. ಸಹಕಾರದ ನಿಯಮದಂತೆ ಒಬ್ಬ ಸದಸ್ಯನಿಗೆ ಒಂದು ಮತ. ಆದುದರಿಂದಲೋ ಏನೋ, ಒಂದೇ ಕಾಫಿಯ ಮುಂದೆ ಎರಡು ಗಂಟೆ ಕುಳಿತ ವಕೀಲನನ್ನಾಗಲಿ, ಕೆಲಸವಿಲ್ಲದ ಯುವಕನನ್ನಾಗಲಿ ಏಳಿಸುವ ಆತುರವು ಅಲ್ಲಿ ಕಾಣದು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸು ದಶಕಗಳ ಕಾಲ ಇಂಥವರ ಆಶ್ರಯವಾಗಿದ್ದಿತು. ಪತ್ರಕರ್ತರು, ಕುದುರೆಪಂದ್ಯದ ಪಂಡಿತರು, ಪುಸ್ತಕ ಕೊಂಡು ಬಂದವರು, ನಿವೃತ್ತರಾದ ಸೈನಿಕರು ಅಕ್ಕಪಕ್ಕದ ಮೇಜುಗಳಲ್ಲಿ ಕುಳಿತಿರುತ್ತಿದ್ದರು. 2009ರಲ್ಲಿ ಕಟ್ಟಡದ ವ್ಯಾಜ್ಯದಲ್ಲಿ ಸಂಘಕ್ಕೆ ಸೋಲಾಗಿ ಆ ಬಾಗಿಲು ಮುಚ್ಚಿತು. ಕೊನೆಯ ದಿನ ಕಾಫಿ ಕುಡಿಯಲು ಬಂದವರಲ್ಲಿ ಅನೇಕರು ಮರಣದ ಮನೆಗೆ ಬಂದವರಂತೆ ಬಂದರೆಂದು ಆಗ ಹೇಳಿಕೊಂಡರು. ಅದೇ ವರ್ಷ ಹತ್ತಿರದ ಚರ್ಚ್ ಸ್ಟ್ರೀಟಿನಲ್ಲಿ ಅದೇ ಮೇಜುಗಳ ಮರ್ಯಾದೆಯೊಡನೆ ಕಾಫಿ ಹೌಸು ಮತ್ತೆ ತೆರೆದಾಗ, ಹಳಬರು ವಿಳಾಸವನ್ನು ಹುಡುಕಿಕೊಂಡು ಬಂದರು. ಗೋಡೆಯು ಬೇರೆಯವರದು, ನೆರೆಹೊರೆ ಮಾತ್ರ ತಮ್ಮದು ಎಂಬುದು ಅಂದು ತಿಳಿದಂತಾಯಿತು.

ಬಾಡಿಗೆಯೆಂಬ ಈ ಗಂಟಿಗೆ ಬೆಂಗಳೂರು ಇನ್ನೊಂದು ಉತ್ತರವನ್ನೂ ಕಂಡುಹಿಡಿಯಿತು. ಕುರ್ಚಿಯೇ ಇಲ್ಲದಿದ್ದರೆ? 1983ರಲ್ಲಿ ಜಯನಗರದಲ್ಲಿ ‘ದರ್ಶಿನಿ’ ಎಂಬ ಹೆಸರಿನ ಮೊದಲ ಅಂಗಡಿಯು ಆರಂಭವಾಯಿತು. ಮೊದಲು ಹಣ ಕೊಟ್ಟು ಚೀಟಿ ಪಡೆಯುವುದು, ಎದುರಿಗೇ ಕಾಣುವ ಅಡಿಗೆಯ ಕಟ್ಟೆಯಿಂದ ತಾನೇ ತಂದುಕೊಳ್ಳುವುದು, ಎದೆಯೆತ್ತರದ ಮೇಜಿನ ಬಳಿ ನಿಂತು ತಿನ್ನುವುದು. ಕುರ್ಚಿಗಳನ್ನು ತೆಗೆದುದರಿಂದ ಸಣ್ಣ ಜಾಗದಲ್ಲಿ ನೂರಾರು ಜನರಿಗೆ ಅಗ್ಗವಾಗಿ ಬಡಿಸುವುದು ಸಾಧ್ಯವಾಯಿತು. ಇದರಿಂದ ಮಾತುಕತೆ ಕೆಟ್ಟಿತೆನ್ನುವವರುಂಟು. ಆದರೆ ಎದೆಯೆತ್ತರದ ಒಂದೇ ಮೇಜಿನ ಬಳಿ ಕಸ ಗುಡಿಸುವಾಕೆಯೂ ಕಾರಿನ ಒಡೆಯನೂ ಒಂದೇ ಬಗೆಯ ಲೋಟ ಹಿಡಿದು ನಿಂತಿರುವುದನ್ನು ಕಂಡವರು ಹಾಗೆನ್ನಲಾರರು. ಹಳೆಯ ಕ್ಲಬ್ಬಿನ ಒಳಕೋಣೆ ಹೊರಕೋಣೆಗಳು ಅಳಿದುದಕ್ಕೆ ಶಾಸನವು ಹೇಗೆ ಕಾರಣವೋ ಹಾಗೆಯೇ ಈ ನಿಲುಮೇಜೂ ಒಂದು ಕಾರಣ. ಹೆಂಗಸರು ಪರದೆಯ ಗೂಡಿನಿಂದ ಹೊರಬಂದು ಬೀದಿಯ ಬೆಳಕಿನಲ್ಲಿ ಕಾಫಿ ಕುಡಿಯಲಾರಂಭಿಸಿದುದೂ ಬಹುಮಟ್ಟಿಗೆ ಇಲ್ಲಿಯೇ.

ಈಚಿನ ವರ್ಷಗಳಲ್ಲಿ ಬೇರೊಂದು ಜಾತಿಯ ಕಾಫಿ ಅಂಗಡಿಗಳು ಬಡಾವಣೆಗಳ ಒಳಬೀದಿಗಳಲ್ಲಿ ತಲೆಯೆತ್ತಿವೆ. ಇವುಗಳ ಮೂಲವನ್ನು ಹುಡುಕಿದರೆ ಅದೂ ಒಂದು ಕಾನೂನಿನ ಬದಲಾವಣೆಯಲ್ಲಿ ಸಿಗುವುದು. ಮೊದಲು ತೋಟಗಾರನು ತನ್ನ ಬೆಳೆಯನ್ನು ಮಂಡಳಿಯ ಸಾಮೂಹಿಕ ರಾಶಿಗೆ ಸುರಿಯಬೇಕಾಗಿದ್ದಿತು. ಯಾರ ತೋಟದ ಬೀಜ ಯಾರ ಲೋಟಕ್ಕೆ ಬಂದಿತೆಂದು ಕೇಳುವಂತಿರಲಿಲ್ಲ. 1990ರ ದಶಕದಲ್ಲಿ ಈ ಕಟ್ಟು ಸಡಿಲವಾಗುತ್ತ ಬಂದು 1996ರ ವೇಳೆಗೆ ಪೂರ್ತಿಯಾಗಿ ಬಿಚ್ಚಿತು. ಅದೇ 1996ರಲ್ಲಿ ಚಿಕ್ಕಮಗಳೂರಿನ ವಿ. ಜಿ. ಸಿದ್ಧಾರ್ಥರು ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯನ್ನು ತೆರೆದರು. ಅನಂತರ ಬಂದವರು ಇನ್ನೂ ಮುಂದೆ ಹೋಗಿ, ಒಂದೊಂದು ತೋಟದ ಹೆಸರನ್ನೇ ಪೊಟ್ಟಣದ ಮೇಲೆ ಅಚ್ಚುಮಾಡಿಸಿದರು. ಇದಕ್ಕೆ ‘ಸ್ಪೆಷಾಲಿಟಿ ಕಾಫಿ’ ಎಂದು ಹೆಸರು. ಅಮೆರಿಕದ ಎರ್ನಾ ನುಟ್ಸನ್ ಎಂಬ ಮಹಿಳೆ 1974ರಲ್ಲಿ ಚಲಾವಣೆಗೆ ತಂದ ಮಾತು. ರುಚಿಪರೀಕ್ಷಕರು ನೂರಕ್ಕೆ 80 ಅಂಕಗಳನ್ನಾದರೂ ಕೊಟ್ಟ ಬೀಜಕ್ಕೆ ಆ ಹೆಸರು ಸಲ್ಲುವುದು. ಇಂಥ ಪರೀಕ್ಷೆಯಲ್ಲಿ ಏಷ್ಯದಲ್ಲಿಯೇ ಮೊದಲಿಗಳಾದ ಮಹಿಳೆಯೆಂದು ಪ್ರಸಿದ್ಧರಾದ ಸುನಾಲಿನಿ ಮೆನನ್ ಅವರು ಕಾಫಿ ಮಂಡಳಿಯಲ್ಲಿ ಕೆಲಸಮಾಡಿ, ಬೆಂಗಳೂರಿನಲ್ಲಿಯೇ ತಮ್ಮ ಪ್ರಯೋಗಶಾಲೆಯನ್ನು ನಡೆಸಿದವರು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಕ್ಕೆ ಭೌಗೋಳಿಕ ಗುರುತು ದೊರೆತುದರಿಂದ ಬೆಟ್ಟದ ಹೆಸರು ಲೋಟದವರೆಗೂ ಬರಲು ಇನ್ನೊಂದು ಆಧಾರವಾಯಿತು.

ಹೊಸ ಅಂಗಡಿಗಳನ್ನು ಹಳಬರು ಸಂಶಯದಿಂದ ನೋಡುವುದು ಸಹಜ. ಹಾಲಿಲ್ಲದ ಕಾಫಿ, ಬೆಲ್ಲದ ನೀರಿನಂತೆ ತೆಳ್ಳಗಿನ ಬಣ್ಣ, ಅದರಲ್ಲಿ ಕಿತ್ತಳೆಯ ವಾಸನೆಯಿದೆಯೆಂದು ಹೇಳುವ ಹುಡುಗ; ಬೆಲೆಯನ್ನು ಕೇಳಿದರೆ ದರ್ಶಿನಿಯ ಹತ್ತು ಕಾಫಿಗಳ ಬೆಲೆ! ಆದರೂ ಇವುಗಳಲ್ಲಿ ಒಳ್ಳೆಯವು ಹಳೆಯ ಪುಡಿಯ ಅಂಗಡಿಯ ಧರ್ಮವನ್ನೇ ಇನ್ನೊಂದು ಭಾಷೆಯಲ್ಲಿ ನಡೆಸುತ್ತಿವೆ. ಬೀಜವು ಯಾವ ತೋಟದ್ದು, ಯಾವಾಗ ಹುರಿದುದು, ಮನೆಯಲ್ಲಿ ಹೇಗೆ ಇಳಿಸಬೇಕು ಎಂಬುದನ್ನು ಕೇಳಿದವರಿಗೆ ತಾಳ್ಮೆಯಿಂದ ತಿಳಿಸುವರು. ಪರವೂರಿನಿಂದ ಬಂದು ಬಾಡಿಗೆಯ ಕೋಣೆಗಳಲ್ಲಿ ಒಂಟಿಯಾಗಿ ಇರುವ ಯುವಕ ಯುವತಿಯರಿಗೆ ಈ ಅಂಗಡಿಯೇ ನಡುಮನೆ. ನೂರು ವರ್ಷಗಳ ಹಿಂದೆ ಒಂಟಿ ಗುಮಾಸ್ತನಿಗೆ ಕಾಫಿ ಕ್ಲಬ್ಬು ಏನಾಗಿದ್ದಿತೋ ಇವರಿಗೆ ಇದು ಅದು. ಮನೆಯೂ ಅಲ್ಲದ ಕಚೇರಿಯೂ ಅಲ್ಲದ ಇಂಥ ತಾಣಕ್ಕೆ ರೇ ಓಲ್ಡನ್‌ಬರ್ಗ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1989ರಲ್ಲಿ ಬರೆದ ಪುಸ್ತಕದಲ್ಲಿ ‘ಮೂರನೆಯ ತಾಣ’ ಎಂದು ಹೆಸರಿಟ್ಟರು. ನಮ್ಮವರು ಅದನ್ನು ಕಟ್ಟೆಯೆಂದು ಎಂದೋ ಕರೆದಿದ್ದರು.

ಆದರೆ ಕಟ್ಟೆಗೂ ಅಂಗಡಿಗೂ ಒಂದು ಭೇದವನ್ನು ಮರೆಯಬಾರದು. ಕಟ್ಟೆಯು ಕಲ್ಲಿನದು, ಅಂಗಡಿಯು ಲೆಕ್ಕದ್ದು. 2024ರಲ್ಲಿ ವಿಯೆಟ್ನಾಮಿನಲ್ಲಿಯೂ ಬ್ರೆಜಿಲಿನಲ್ಲಿಯೂ ಮಳೆ ತಪ್ಪಿ ಕಾಫಿಯ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ, ನಮ್ಮ ತೋಟಗಾರನು ಬಹುಕಾಲದ ಮೇಲೆ ನಕ್ಕನು. ನಮ್ಮ ಹೋಟೆಲಿನವನು ಲೋಟದ ಬೆಲೆಯನ್ನು ಒಂದೆರಡು ರೂಪಾಯಿ ಏರಿಸಲೋ ಬೇಡವೋ ಎಂದು ತಲೆಯ ಮೇಲೆ ಕೈಹೊತ್ತು ಕುಳಿತನು. ಬೀಜದ ದರ, ಹಾಲಿನ ದರ, ಮಳಿಗೆಯ ಬಾಡಿಗೆ, ಬಡಿಸುವವನ ಸಂಬಳ, ಇವೆಲ್ಲವನ್ನೂ ತೂಗಿ, ಅದರ ಮೇಲೆ ಒಂದು ಲೋಟಕ್ಕೆ ಒಂದು ಗಂಟೆ ಕುಳಿತವನನ್ನೂ ಸಹಿಸಿಕೊಳ್ಳಬೇಕು. ಇದು ಸುಲಭದ ವ್ಯಾಪಾರವಲ್ಲ. ಉಳಿದುಕೊಂಡ ಅಂಗಡಿಗಳನ್ನು ಒಂದೊಂದಾಗಿ ನೋಡಿದರೆ ಅವುಗಳಲ್ಲಿ ಕೆಲವು ಸಾಮಾನ್ಯ ಗುಣಗಳು ಕಾಣಬರುತ್ತವೆ. ಅವು ಮಾಡುವ ತಿಂಡಿಗಳು ಕೆಲವೇ. ಅವು ದಿನವೂ ಒಂದೇ ಹದದಲ್ಲಿ ಇರುವುವು. ಯಜಮಾನನು ಗಲ್ಲದ ಮೇಲೆ ತಾನೇ ಕುಳಿತಿರುವನು, ಬಂದವರ ಮುಖವನ್ನು ಬಲ್ಲನು. ಅಡಿಗೆಮನೆಯನ್ನು ಮುಚ್ಚಿಡುವುದಿಲ್ಲ. ಕೆಲಸದವರು ವರ್ಷ ವರ್ಷವೂ ಬದಲಾಗುವುದಿಲ್ಲ. ಕೊನೆಯದಾಗಿ, ಬಾಗಿಲಲ್ಲಿ ನಿಂತವನನ್ನು ನೀನು ಯಾರೆಂದು ಕೇಳುವುದಿಲ್ಲ, ಏನು ಬೇಕೆಂದು ಕೇಳುವರು. ಮೊದಲ ಐದು ಗುಣಗಳು ಅಂಗಡಿಯನ್ನು ಉಳಿಸುವುವು. ಆರನೆಯದು ಅದನ್ನು ಕಟ್ಟೆಯನ್ನಾಗಿ ಮಾಡುವುದು.

ಇನ್ನು ಗಿರಾಕಿಯ ಕರ್ತವ್ಯವೂ ಒಂದುಂಟು. ಹಳೆಯ ಹೋಟೆಲೊಂದು ಮುಚ್ಚಿತೆಂಬ ಸುದ್ದಿ ಬಂದ ದಿನ ಕಣ್ಣೀರಿಡುವವರಲ್ಲಿ ಎಷ್ಟು ಮಂದಿ ಅದಕ್ಕೆ ಹಿಂದಿನ ವರ್ಷ ಅಲ್ಲಿಗೆ ಹೋಗಿದ್ದರೆಂದು ಎಣಿಸಿದರೆ ಸಂಖ್ಯೆಯು ಚಿಕ್ಕದಾದೀತು. ಪುಡಿಯನ್ನು ತಿರುಗುಬೀದಿಯ ಅಂಗಡಿಯಲ್ಲಿ ಕೊಳ್ಳುವುದು, ವಾರಕ್ಕೊಮ್ಮೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹತ್ತಿರದ ಹೋಟೆಲಿಗೆ ನಡೆದುಹೋಗುವುದು, ಎದುರಿಗೆ ಬಂದು ಕುಳಿತ ಅಪರಿಚಿತನಿಗೆ ಜಾಗ ಸರಿದುಕೊಡುವುದು, ಬಡಿಸುವವನ ಹೆಸರನ್ನು ತಿಳಿದುಕೊಳ್ಳುವುದು. ಇವು ಅಲ್ಪ ವಿಷಯಗಳೇ; ಆದರೆ ನೆರೆಹೊರೆಯು ಇಂಥ ಅಲ್ಪ ವಿಷಯಗಳಿಂದಲೇ ಉಳಿಯುವುದು. ಬೆಂಗಳೂರಿಗೆ ಬರುವ ಓದುಗರು ಲಾಲ್‌ಬಾಗನ್ನೂ ಅರಮನೆಯನ್ನೂ ನೋಡಲಿ, ಬೇಡವೆನ್ನುವವರಾರು? ಆದರೆ ಒಂದು ಮುಂಜಾನೆಯನ್ನು ಗಾಂಧಿಬಜಾರಿಗೋ ಮಲ್ಲೇಶ್ವರಕ್ಕೋ ಮೀಸಲಿಡಲಿ. ಒಂದು ಕಾಫಿಯನ್ನು ಹೇಳಿ, ಜೊತೆಯಲ್ಲಿರುವವರೊಡನೆ ಬೈ-ಟೂ ಮಾಡಿಕೊಳ್ಳಲಿ. ಅರ್ಧ ಲೋಟದಲ್ಲಿ ಈ ಊರಿನ ಮುಕ್ಕಾಲು ಪಾಲು ತಿಳಿದುಹೋಗುವುದು.